ಇಷ್ಟು ದೂರ ಬಂದಾಯ್ತಲ್ಲ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಬ್ಬರು, ಹೈಸ್ಕೂಲ್ ಮಕ್ಕಳಿಗೆ ಪಠ್ಯದ ಹೊರಗೆ ಏನು ಓದಿಸಬಹುದು ಅಂತ ಕೇಳಿದ್ದರು. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಲು ಹೋದ ತಂಡಗಳು ಬಿರುಗಾಳಿಗೆ ಸಿಕ್ಕಿದ ದುರಂತದ ಬಗ್ಗೆ ಓದಿಸಿ ಅಂತ ನಾಲ್ಕು ಸಾಲು ಬರೆದಿದ್ದೆ. ಆ ದಿನ ಅಲ್ಲೇ ಇದ್ದು ಬದುಕಿ ಬಂದ ಅಮೆರಿಕದ ಪತ್ರಕರ್ತ ಜಾನ್ ಕ್ರಾಕೌರ್ ಮರುವರ್ಷವೇ 'ಇನ್‌ಟು ಥಿನ್ ಏರ್' ಅನ್ನುವ ಪುಸ್ತಕ ಬರೆದರು, ನಾನು ಹೇಳಿದ್ದು ಅದನ್ನೇ. ಆ ನಾಲ್ಕು ಸಾಲಿಗೆ ಬಂದ ಪತ್ರಗಳು ಈಗ ಮೇಜಿನ ಮೇಲೆ ಒಂದು ಕಟ್ಟಾಗಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಾನು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಿಮ್ಮ ಮಾತು ಓದಿ ಒಂಬತ್ತನೇ ತರಗತಿಗೆ ಎವರೆಸ್ಟ್ ಕಥೆ ಶುರು ಮಾಡಿದೆ. ಮೊದಲ ದಿನ ಹುಡುಗರು "ಯಾರ್ ಯಾರು ಸತ್ರು, ಹೇಗೆ ಸತ್ರು" ಅಂತ ಕೇಳಿದರು. ಎರಡನೇ ದಿನ "ಆ ಲೀಡರದ್ದೇ ತಪ್ಪು ಮಿಸ್" ಅಂತ ತೀರ್ಪು ಕೊಟ್ಟುಬಿಟ್ಟರು. ಪಾಠ ಅಲ್ಲಿಗೇ ಮುಗಿಯಿತು. ನಮ್ಮ ಮುಖ್ಯ ಶಿಕ್ಷಕರು ಬೇರೆ, ಮಕ್ಕಳಿಗೆ ಸಾವಿನ ಕಥೆ ಯಾಕಮ್ಮ ಅನ್ನುತ್ತಾರೆ. ನಾನು ಎಲ್ಲಿಂದ ಶುರು ಮಾಡಬೇಕಿತ್ತು?

ಉತ್ತರ: ಮೇಡಂ, ಸಾವಿನಿಂದ ಶುರು ಮಾಡಿದರೆ ಹಾಗೇ ಆಗುತ್ತದೆ. ಕೊನೆ ಗೊತ್ತಿದ್ದವರಿಗೆ ತಪ್ಪು ಹುಡುಕುವುದು ಸುಲಭ. ಮುಂದಿನ ಸಲ ಮಕ್ಕಳಿಗೆ ಕೊನೆ ಹೇಳಲೇಬೇಡಿ. ಅವರನ್ನು ಮೇ 10ರ ಬೆಳಿಗ್ಗೆಗೆ ಕರ್ಕೊಂಡು ಹೋಗಿ ನಿಲ್ಲಿಸಿ. ಆ ಹೊತ್ತಿಗೆ ಅಲ್ಲಿದ್ದವರಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಅವರ ಕೈಗೆ ಕೊಡಿ.

ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್ ಇರುತ್ತದಲ್ಲ, ಅದರ ನಾಲ್ಕು ಹಾಳೆ ಉದ್ದಕ್ಕೆ ಅಂಟಿಸಿ ಗೋಡೆಗೆ ಹಾಕುತ್ತಿದ್ದೆ. ತೀರಾ ಕೆಳಗೆ ಒಂದು ಗೆರೆ, ಕೊಡಚಾದ್ರಿ, 1,343 ಮೀಟರ್. ನಮ್ಮ ಮಕ್ಕಳು ಕಣ್ಣಲ್ಲಿ ಕಂಡ ಬೆಟ್ಟ ಅದು. ಎವರೆಸ್ಟ್ 8,848 ಮೀಟರ್, ಅಂದರೆ ಆರೂವರೆ ಕೊಡಚಾದ್ರಿಗಿಂತ ಸ್ವಲ್ಪ ಜಾಸ್ತಿ. ಕೊನೆಯ ಕ್ಯಾಂಪ್ ಇದ್ದದ್ದು ಸೌತ್ ಕೋಲ್ ಅನ್ನುವ ಬಯಲಿನಲ್ಲಿ, ಸುಮಾರು 7,900 ಮೀಟರ್ ಎತ್ತರದಲ್ಲಿ. ಅದರ ಮೇಲೆ ಬಾಲ್ಕನಿ ಅನ್ನುವ ತಂಗುವ ಜಾಗ, ಅದರ ಮೇಲೆ ಸೌತ್ ಸಮಿಟ್ ಅನ್ನುವ ಚಿಕ್ಕ ಶಿಖರ, ಆಮೇಲೆ ಹಿಲರಿ ಸ್ಟೆಪ್ ಅನ್ನುವ ಕಡಿದಾದ ಬಂಡೆ, ಕೊನೆಗೆ ತುದಿ. ಹಾಳೆಯ ಎಡಗಡೆ ಎತ್ತರ ಬರೆಯಿರಿ, ಬಲಗಡೆ ಖಾಲಿ ಬಿಡಿ. ಅಲ್ಲಿ ಗಂಟೆ ತುಂಬುತ್ತಾ ಹೋಗಬೇಕು.

ರಾತ್ರಿ 12ರ ಹೊತ್ತಿಗೆ ಹೊರಟರು. ಒಂದು ತಂಡದ ನಾಯಕ ನ್ಯೂಜಿಲೆಂಡಿನ ರಾಬ್ ಹಾಲ್, ಇನ್ನೊಂದರದ್ದು ಅಮೆರಿಕದ ಸ್ಕಾಟ್ ಫಿಷರ್. ಇಬ್ಬರೂ ಹಣ ತಗೊಂಡು ಜನರನ್ನು ಹತ್ತಿಸುವವರು. ಹಾಲ್ ಅವರ ಶುಲ್ಕ ಒಬ್ಬರಿಗೆ 65,000 ಡಾಲರ್. ಮಧ್ಯಾಹ್ನ 1 ಗಂಟೆ, ಬಹಳ ಅಂದರೆ 2 ಗಂಟೆ, ಎಲ್ಲಿದ್ದರೂ ತಿರುಗಬೇಕು ಅನ್ನುವ ಮಾತು ಕೆಳಗಿದ್ದಾಗಲೇ ಆಗಿತ್ತು. ಮೇಲೆ ಹೋದರೆ, ಮೊದಲೇ ಕಟ್ಟಿರಬೇಕಾದ ಹಗ್ಗ ಕೆಲವು ಕಡೆ ಕಟ್ಟಿಲ್ಲ. ಅವತ್ತು ಆ ದಾರಿಯಲ್ಲಿ 30ಕ್ಕೂ ಹೆಚ್ಚು ಜನ. ಹಗ್ಗ ಕಟ್ಟುವವರೆಗೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ನಿಂತಷ್ಟೂ ಬೆನ್ನಿನ ಸಿಲಿಂಡರಿನ ಆಮ್ಲಜನಕ ಖರ್ಚಾಗುತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿ. ಒಬ್ಬೊಬ್ಬರಿಗೂ ಒಂದು ಚೀಟಿ ಕೊಡಿ, ಅದರಲ್ಲಿ ಅವತ್ತು ಅಲ್ಲಿದ್ದ ಒಬ್ಬರ ಹೆಸರು, ಅವರ ಕಥೆ. ನನ್ನ ಚೀಟಿಗಳಲ್ಲಿ ಮಕ್ಕಳು ಬಹಳ ಹಚ್ಚಿಕೊಳ್ಳುತ್ತಿದ್ದದ್ದು ಡಗ್ ಹ್ಯಾನ್ಸನ್ ಅವರನ್ನು. ಆತ ಅಮೆರಿಕದ ಅಂಚೆ ಕಚೇರಿಯ ನೌಕರ. ರಾತ್ರಿ ಪಾಳಿ ಅಂಚೆ ಕೆಲಸ, ಹಗಲು ಕಟ್ಟಡ ಕೆಲಸ, ಹೀಗೆ ದುಡಿದು ದುಡ್ಡು ಕೂಡಿಟ್ಟು ಬಂದವರು. 1995ರಲ್ಲೂ ಬಂದಿದ್ದರು. ತುದಿ ಕಣ್ಣೆದುರೇ ಇರುವಾಗ, ಹೊತ್ತಾಯಿತು ಅಂತ ಹಾಲ್ ಅವರೇ ತಿರುಗಿಸಿಕೊಂಡು ಹೋಗಿದ್ದರು. ಈ ಸಲ ಬಾ, ಹತ್ತಿಸುತ್ತೇನೆ ಅಂತ ಕರೆದವರೂ ಹಾಲ್ ಅವರೇ. ಈಗ ಮಕ್ಕಳನ್ನು ಕೇಳಿ: ನೀನು ಹ್ಯಾನ್ಸನ್. ಗಂಟೆ 2. ತುದಿ ಕಾಣುತ್ತಿದೆ. ಬಿಸಿಲಿದೆ. ತಿರುಗುತ್ತೀಯೋ, ಹತ್ತುತ್ತೀಯೋ? ನೋಟ್ ಬುಕ್ಕಿನಲ್ಲಿ ಬರೆ, ಪಕ್ಕದವರಿಗೆ ತೋರಿಸಬೇಡ.

ನಾನು ಇದನ್ನು ಎಷ್ಟು ಸಲ ಮಾಡಿದರೂ ಹೆಚ್ಚುಕಮ್ಮಿ ಇಡೀ ತರಗತಿ 'ಹತ್ತುತ್ತೇನೆ' ಅಂತಲೇ ಬರೆದಿದೆ. ಯಾಕೆ ಅಂದರೆ ಒಂದೇ ಉತ್ತರ: "ಇಷ್ಟು ದೂರ ಬಂದಾಯ್ತಲ್ಲ ಸರ್." ಬರೆದದ್ದನ್ನು ಅಳಿಸಲು ಬಿಡಬೇಡಿ. ಮರುದಿನ ಉಳಿದ ಗಂಟೆಗಳನ್ನು ತುಂಬಿಸಿ. ಹಾಲ್ ತುದಿಗೆ ಬಂದಾಗ 2 ಗಂಟೆ ದಾಟಿತ್ತು, ಫಿಷರ್ ಬಂದದ್ದು ಮೂರೂವರೆ ಆದ ಮೇಲೆ. ಹ್ಯಾನ್ಸನ್ 4 ಗಂಟೆಯ ನಂತರ ಕಾಲೆಳೆದುಕೊಂಡು ಬಂದರು, ಅಲ್ಲಿಯವರೆಗೂ ಹಾಲ್ ತುದಿಯಲ್ಲೇ ಹ್ಯಾನ್ಸನ್‌ಗಾಗಿ ಕಾಯುತ್ತಾ ಕೂತಿದ್ದರು. ಸಂಜೆಗೆ ಬಿರುಗಾಳಿ ಬಂತು. ಆ ಒಂದು ಬಿರುಗಾಳಿಯಲ್ಲಿ ಬೆಟ್ಟದ ಎರಡೂ ಬದಿ ಸೇರಿ 8 ಜನ ಹೋದರು. ಹಾಲ್, ಹ್ಯಾನ್ಸನ್, ಫಿಷರ್ ಮೂವರೂ ಅದರಲ್ಲಿದ್ದರು. ಈಗ ಯಾರೂ "ಲೀಡರದ್ದೇ ತಪ್ಪು" ಅಂತ ಥಟ್ಟನೆ ಹೇಳುವುದಿಲ್ಲ ಮೇಡಂ, ತಮ್ಮದೇ ಕೈಬರಹ ಎದುರಿಗಿರುತ್ತದೆ.

ಇನ್ನೊಂದು ಚೀಟಿ ಮರೆಯಬೇಡಿ. ಹಾಲ್ ತಂಡದಲ್ಲೇ ಹಚಿಸನ್, ಟಾಸ್ಕೆ, ಕಸಿಶ್ಕೆ ಅಂತ ಮೂವರಿದ್ದರು. ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ, ಮುಂದಿನ ಸಾಲು ನೋಡಿ, ಲೆಕ್ಕ ಹಾಕಿ, ಇದು ಆಗುವ ಮಾತಲ್ಲ ಅಂತ ತಿರುಗಿಬಿಟ್ಟರು. ಅವರೂ ಅಷ್ಟೇ ದುಡ್ಡು ಕೊಟ್ಟವರು, ಅಷ್ಟೇ ದೂರ ಬಂದವರು. ಅಷ್ಟು ಆಸೆ ಇಟ್ಟುಕೊಂಡು ಬಂದವರಿಗೆ ಆ ಕ್ಷಣ ಹೇಗಿತ್ತು ಅಂತ ಒಂದು ಪುಟ ಬರೆಸಿ. ಇಂಗ್ಲಿಷಿನಲ್ಲಿ ಬರದಿದ್ದರೆ ಕನ್ನಡದಲ್ಲೇ ಬರೆಯಲಿ. ಇಡೀ ಪುಸ್ತಕ ಓದಿಸಲು ಹೋಗಬೇಡಿ, ಅದು ಒಂಬತ್ತನೇ ತರಗತಿಗೆ ಭಾರ. ಆರಿಸಿದ ಮೂರು-ನಾಲ್ಕು ಪುಟ ಇಂಗ್ಲಿಷಿನಲ್ಲಿ, ಉಳಿದದ್ದು ನಿಮ್ಮ ಬಾಯಲ್ಲಿ. ಪುಸ್ತಕದಲ್ಲಿ ಬರುವ 'ಟರ್ನ್-ಅರೌಂಡ್ ಟೈಮ್' ಅನ್ನುವ ಮಾತಿಗೆ ನನ್ನ ಒಬ್ಬ ವಿದ್ಯಾರ್ಥಿನಿ 'ತಿರುಗುವ ಹೊತ್ತು' ಅಂತ ಬರೆದಿದ್ದಳು. ಅವತ್ತಿನಿಂದ ನಾನೂ ಅದನ್ನೇ ಬಳಸುತ್ತೇನೆ.

ಮುಖ್ಯ ಶಿಕ್ಷಕರ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಅವರ ಆತಂಕ ಸುಳ್ಳಲ್ಲ, ಅದಕ್ಕೆ ಕೆಳಗಿನ ತಾಯಿಯ ಪತ್ರವೇ ಸಾಕ್ಷಿ. ಆದರೆ ನಮ್ಮ ಕಡೆಯ ಮಕ್ಕಳು ಸಾವು ನೋಡದೆ ಬೆಳೆಯುತ್ತಿದ್ದಾರಾ? ಪ್ರತಿ ಮಳೆಗಾಲ ಯಾವುದೋ ಹೊಳೆ, ಯಾವುದೋ ಜಲಪಾತದ ಪಾಚಿಗಟ್ಟಿದ ಬಂಡೆ, ಯಾರದೋ ಮನೆಯ ಹುಡುಗ. ಅದರ ವಿಡಿಯೊ ಅವರ ಫೋನಿಗೆ ನಮಗಿಂತ ಮೊದಲೇ ಬಂದಿರುತ್ತದೆ. ಅದರ ಬಗ್ಗೆ ಸರಿಯಾಗಿ ಕೂತು ಮಾತಾಡಲು ಮಾತ್ರ ಅವರಿಗೆ ಜಾಗ ಇಲ್ಲ.

ಪ್ರಶ್ನೆ: ಅಷ್ಟೊಂದು ಜನ, ಅಷ್ಟು ಶೆರ್ಪಾಗಳು ಇದ್ದರೂ ರಾಬ್ ಹಾಲ್ ಅವರನ್ನು ಹೊತ್ತುಕೊಂಡು ಯಾಕೆ ಬರಲಿಲ್ಲ? ಹೆಲಿಕಾಪ್ಟರ್ ಇರಲಿಲ್ವಾ?
– ಪಿಯುಸಿ ವಿದ್ಯಾರ್ಥಿ, ಸಾಗರ

ಉತ್ತರ: ತಮ್ಮಾ, ಅಡಿಕೆ ಮೂಟೆ ಹೊತ್ತು ಅಟ್ಟ ಹತ್ತುವವರನ್ನು ನೀನು ನೋಡಿರುತ್ತೀಯ. ಅದೇ ಗಟ್ಟಿ ಆಳನ್ನು 8,000 ಮೀಟರಿನ ಮೇಲೆ ನಿಲ್ಲಿಸಿದರೆ ತನ್ನ ಬೂಟಿನ ದಾರ ಕಟ್ಟಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ನೂರಕ್ಕೆ 21 ಹಾಗೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. ಎವರೆಸ್ಟ್ ತುದಿಯಲ್ಲಿ ಅದು ಸಮುದ್ರ ಮಟ್ಟದಲ್ಲಿರುವುದರ ಮೂರನೇ ಒಂದು ಪಾಲು. ಅಂದರೆ ಒಂದು ಉಸಿರಿಗೆ ನಿನಗೆ ಸಿಗುವ ಆಮ್ಲಜನಕವೂ ಅಷ್ಟೇ. ನೀರು ಅಲ್ಲಿ 70 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಅನ್ನ ಬೇಯುವುದಿಲ್ಲ. ಕಾಲು ಸೋಲುವುದಕ್ಕಿಂತ ಮೊದಲು ತಲೆ ಸೋಲುತ್ತದೆ. ಸರಳ ಲೆಕ್ಕ ತಪ್ಪುತ್ತದೆ. ಸುಮ್ನೆ ಇಲ್ಲೇ ಸ್ವಲ್ಪ ಕೂರೋಣ ಅನ್ನಿಸುತ್ತದೆ. 8,000 ಮೀಟರಿನ ಮೇಲಿನ ಜಾಗವನ್ನು ಸಾವಿನ ವಲಯ ಅನ್ನುವುದು ಇದಕ್ಕೇ.

ಹಾಗಂತ ಯಾರೂ ಪ್ರಯತ್ನ ಮಾಡಲಿಲ್ಲ ಅಂದುಕೊಳ್ಳಬೇಡ. ಮರುದಿನ ಆಂಗ್ ದೋರ್ಜೆ, ಲಾಕ್ಪಾ ಛಿರಿ ಅನ್ನುವ ಇಬ್ಬರು ಶೆರ್ಪಾಗಳು, ಹಿಂದಿನ ದಿನದ ದಣಿವು ಇನ್ನೂ ಮೈಯಲ್ಲಿರುವಾಗಲೇ, ಸೌತ್ ಸಮಿಟ್ ಬಳಿ ಸಿಕ್ಕಿಹಾಕಿಕೊಂಡಿದ್ದ ಹಾಲ್ ಕಡೆಗೆ ಮತ್ತೆ ಹತ್ತಿದರು. ಗಾಳಿ ಬಿಡಲಿಲ್ಲ, ತಿರುಗಬೇಕಾಯಿತು. ಹಿಂದಿನ ರಾತ್ರಿ ಹತ್ತು-ಹನ್ನೊಂದು ಜನ ಕೊನೆಯ ಕ್ಯಾಂಪಿನಿಂದ ಕೆಲವೇ ನೂರು ಮೀಟರ್ ದೂರದಲ್ಲಿ ದಾರಿ ತಪ್ಪಿ, ಟೆಂಟ್ ಯಾವ ಕಡೆ ಅಂತ ಗೊತ್ತಾಗದೆ, ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಕೆಲವರು ಹೇಗೋ ಕ್ಯಾಂಪ್ ಮುಟ್ಟಿ ಸುದ್ದಿ ಹೇಳಿದಾಗ ಫಿಷರ್ ತಂಡದ ಮಾರ್ಗದರ್ಶಿ ಅನಾತೊಲಿ ಬುಕ್ರೀವ್ ಒಬ್ಬರೇ ಆ ಗಾಳಿಯಲ್ಲಿ ಹುಡುಕಿಕೊಂಡು ಹೋಗಿ ಮೂವರನ್ನು ಕರೆತಂದರು. ಹೆಲಿಕಾಪ್ಟರ್ ವಿಷಯ: ತೆಳು ಗಾಳಿ ರೆಕ್ಕೆಗೆ ಹಿಡಿತ ಕೊಡುವುದಿಲ್ಲ. ಆದರೂ ನೇಪಾಳ ಸೇನೆಯ ಮದನ್ ಖತ್ರಿ ಛೇತ್ರಿ ಸುಮಾರು 6,000 ಮೀಟರಿನ ತನಕ ಹಾರಿಸಿಕೊಂಡು ಬಂದು ಗಾಯಾಳುಗಳನ್ನು ಎತ್ತಿಕೊಂಡು ಹೋದರು. ಆಗಿನ ಕಾಲಕ್ಕೆ ಅದು ಪ್ರಾಣ ಒತ್ತೆಯಿಟ್ಟು ಮಾಡಿದ ಕೆಲಸ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಈ ಕಥೆ ಕೇಳಿ ಬಂದ ಮೇಲೆ, ಬೆಟ್ಟದ ಮೇಲೆ ಸಿಕ್ಕಿಹಾಕಿಕೊಂಡವರು ಹೆಂಡತಿ ಜೊತೆ ಫೋನಿನಲ್ಲಿ ಮಾತಾಡಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ರಾತ್ರಿ ನನ್ನ ಪಕ್ಕ ಬಂದು ಮಲಗುತ್ತಾಳೆ. ಇಂಥದ್ದು ಮಕ್ಕಳಿಗೆ ಬೇಕಾ ಸರ್?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಒಂದು ದಿನ ಉತ್ತರ ಬರೆಯಲು ಆಗಲಿಲ್ಲ. ಈ ತಪ್ಪು ನಾನೂ ಮಾಡಿದ್ದೇನೆ.

ಹಾಲ್ ಅವರು ಮೇ 11ರ ಸಂಜೆ, ಕೆಳಗಿನ ಕ್ಯಾಂಪಿನವರು ರೇಡಿಯೊವನ್ನು ಉಪಗ್ರಹ ಫೋನಿಗೆ ಜೋಡಿಸಿಕೊಟ್ಟಾಗ, ನ್ಯೂಜಿಲೆಂಡಿನಲ್ಲಿದ್ದ ಬಸುರಿ ಹೆಂಡತಿಯ ಜೊತೆ ಮಾತಾಡಿದರು. ಅದೇ ಕೊನೆಯ ಮಾತು. ಅದನ್ನು ನಾನು ಒಂದು ವರ್ಷ ತರಗತಿಯಲ್ಲಿ ಗಟ್ಟಿಯಾಗಿ, ಭಾವ ತುಂಬಿ ಓದಿದೆ. ಮಕ್ಕಳೆಲ್ಲ ಸ್ತಬ್ಧ. ಪಾಠ ಚೆನ್ನಾಗಿ ಆಗುತ್ತಿದೆ ಅಂದುಕೊಂಡೆ. ಕಿಟಕಿ ಪಕ್ಕದ ಬೆಂಚಿನ ಒಬ್ಬ ಹುಡುಗಿ ತಲೆ ತಗ್ಗಿಸಿ ಸ್ಕೇಲಿನ ಅಂಚಿನಿಂದ ಡೆಸ್ಕ್ ಕೆರೆಯುತ್ತಿದ್ದಳು. ಗಮನ ಇಲ್ಲ ಅಂತ ಅವಳ ಹೆಸರು ಹಿಡಿದು ಕೂಗಿದೆ. ಎದ್ದು ನಿಂತಳು, ಮಾತಾಡಲಿಲ್ಲ. ಆಮೇಲೆ ಬೇರೆ ಹುಡುಗಿಯರು ಹೇಳಿದರು. ಹಿಂದಿನ ಮಳೆಗಾಲ ಅವಳ ಅಪ್ಪ ತೋಟದಲ್ಲಿ ಕೊಳೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದವರು ಜಾರಿ ಬಿದ್ದಿದ್ದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರೂ ಫೋನಿನಲ್ಲಿ ಮಗಳ ಜೊತೆ ಮಾತಾಡಿದ್ದರಂತೆ. ಅವಳ ಆ ಡೆಸ್ಕಿನ ಮೇಲಿದ್ದ ಗೀರು ನಾನು ನಿವೃತ್ತಿ ಆಗುವವರೆಗೂ ಹಾಗೇ ಇತ್ತು.

ಆಮೇಲೆ ಆ ಪುಟವನ್ನು ತರಗತಿಯಲ್ಲಿ ಓದುವುದು ಬಿಟ್ಟೆ. ಮಾತಾಡಿದರು ಅಂತ ಹೇಳುತ್ತಿದ್ದೆ, ಏನು ಮಾತಾಡಿದರು ಅನ್ನುವುದು ಆ ಮನೆಯವರಿಗೆ ಸೇರಿದ್ದು ಅನ್ನುತ್ತಿದ್ದೆ. ಪಾಠದ ಹಿಂದಿನ ದಿನವೇ, ಇದರಲ್ಲಿ ಸಾವು ಇದೆ, ಯಾರಿಗಾದರೂ ಕಷ್ಟ ಆದರೆ ಕಾರಣ ಹೇಳದೆ ಲೈಬ್ರರಿಗೆ ಹೋಗಬಹುದು ಅಂತ ಹೇಳಿಡುತ್ತಿದ್ದೆ. ಮೃತರ ಫೋಟೊ ತೋರಿಸಲೇ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹಿಮದಲ್ಲಿ ಬಿದ್ದವರ ಚಿತ್ರ ಬೇಕಾದಷ್ಟು ಸಿಗುತ್ತವೆ. ಶಿಕ್ಷಕರು ದಯವಿಟ್ಟು ಅದನ್ನು ಸ್ಮಾರ್ಟ್ ಬೋರ್ಡಿಗೆ ಹಾಕಬೇಡಿ.

ನಿಮ್ಮ ಮಗಳಿಗೆ "ಅದೆಲ್ಲ ಮರೆತುಬಿಡು" ಅನ್ನಬೇಡಿ, ಮರೆಯುವುದಿಲ್ಲ. ಪಕ್ಕದಲ್ಲಿ ಮಲಗಲಿ. ಕೇಳಿದಷ್ಟು ಸಲ ಹೇಳಿ. ಬಹುಶಃ ಅವಳು ಕೇಳುತ್ತಿರುವುದು ಹಾಲ್ ಬಗ್ಗೆ ಅಲ್ಲ, ಅಪ್ಪ ಅಮ್ಮನ ಬಗ್ಗೆ ಇರಬಹುದು. ಅದೇ ದುರಂತದಲ್ಲಿ ಬೆಕ್ ವೆದರ್ಸ್ ಅಂತ ಒಬ್ಬ ಡಾಕ್ಟರ್ ಇದ್ದರು. ಇನ್ನು ಉಳಿಯುವುದಿಲ್ಲ ಅಂತ ಜೊತೆಯವರು ಹಿಮದಲ್ಲೇ ಬಿಟ್ಟು ಬಂದಿದ್ದರು, ಮನೆಗೂ ತೀರಿಕೊಂಡರು ಅಂತ ಸುದ್ದಿ ಹೋಗಿತ್ತು. ಮರುದಿನ ಸಂಜೆ ಹೊತ್ತಿಗೆ ಆತ ತಾನೇ ಎದ್ದು ನಡೆದು ಕ್ಯಾಂಪಿಗೆ ಬಂದರು. ಬಲಗೈ ಹೋಯಿತು, ಎಡಗೈ ಬೆರಳು ಹೋದವು, ಮೂಗು ಹೋಯಿತು, ಮನೆಗೆ ಬಂದರು. ಇದನ್ನೂ ಅವಳಿಗೆ ಹೇಳಿ. ಎರಡು ಮೂರು ವಾರ ಆದರೂ ನಿದ್ದೆ ಸರಿಹೋಗದಿದ್ದರೆ ಮಾತ್ರ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ತಡ ಮಾಡಬೇಡಿ. ಶಾಲೆಯ ಟೀಚರಿಗೂ ಒಂದು ಮಾತು ತಿಳಿಸಿ, ಜಗಳಕ್ಕಲ್ಲ, ಅವರಿಗೆ ಗೊತ್ತಿರಲಿ ಅಂತ.

ಪ್ರಶ್ನೆ: ಬುಕ್ರೀವ್ ಕೂಡ ತಮ್ಮ ಪುಸ್ತಕ ಬರೆದಿದ್ದಾರೆ. ಅದು ಕ್ರಾಕೌರ್ ಹೇಳುವುದಕ್ಕೆ ಪೂರ್ತಿ ಬೇರೆಯೇ ಇದೆ. ನಾವು ಯಾವುದನ್ನು ನಿಜ ಅಂತ ಪಾಠ ಮಾಡಬೇಕು?
– ಉಪನ್ಯಾಸಕ, ಭದ್ರಾವತಿ

ಉತ್ತರ: ಎರಡನ್ನೂ ಒಟ್ಟಿಗೆ ಪಾಠ ಮಾಡಿ ಸರ್. ಜಗಳದ ಮುಖ್ಯ ವಿಷಯ ಇಷ್ಟು: ಬುಕ್ರೀವ್ ಮಾರ್ಗದರ್ಶಿಯಾಗಿದ್ದರೂ ಸಿಲಿಂಡರ್ ಆಮ್ಲಜನಕ ಬಳಸದೆ ಹತ್ತಿದರು, ತಮ್ಮ ತಂಡದವರು ಇನ್ನೂ ಮೇಲಿರುವಾಗಲೇ ಬೇಗ ಇಳಿದರು. ಅದು ಸರಿಯಲ್ಲ ಅನ್ನುತ್ತಾರೆ ಕ್ರಾಕೌರ್. ಬೇಗ ಇಳಿದದ್ದು ಫಿಷರ್‌ಗೆ ಗೊತ್ತಿತ್ತು, ಕೆಳಗೆ ಚೇತರಿಸಿಕೊಂಡು ತಯಾರಾಗಿದ್ದಕ್ಕೇ ರಾತ್ರಿ ಹೋಗಿ ಜೀವ ಉಳಿಸಲು ಆಯಿತು ಅನ್ನುತ್ತಾರೆ ಬುಕ್ರೀವ್. ಫಿಷರ್ ಬದುಕಿ ಬರಲಿಲ್ಲ, ಕೇಳುವ ಹಾಗಿಲ್ಲ. ಬುಕ್ರೀವ್ ಕೂಡ 1997ರ ಡಿಸೆಂಬರ್ 25ರಂದು ಅನ್ನಪೂರ್ಣದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ನನ್ನ ಅಭಿಪ್ರಾಯ ಕೇಳಿದರೆ, ಬೇಗ ಇಳಿದದ್ದು ಸರಿ ಅಂತ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಆ ರಾತ್ರಿ ಎದ್ದು ಹೊರಗೆ ಹೋದ ಮನುಷ್ಯನನ್ನು ಹೇಡಿ ಅನ್ನುವವರ ಮಾತನ್ನು ನಾನು ಕೇಳಿಸಿಕೊಳ್ಳುವುದೂ ಇಲ್ಲ.

ಆದರೆ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇನ್ನೊಂದಿದೆ. ಹಾಲ್ ತಂಡದಲ್ಲಿ ಆಂಡಿ ಹ್ಯಾರಿಸ್ ಅನ್ನುವ ಯುವ ಮಾರ್ಗದರ್ಶಿ ಇದ್ದರು. ಬಿರುಗಾಳಿಯ ಸಂಜೆ ಕ್ಯಾಂಪಿನ ಹತ್ತಿರ ಹ್ಯಾರಿಸ್ ಅವರನ್ನು ನೋಡಿದೆ, ಮಾತಾಡಿಸಿದೆ, ಆಮೇಲೆ ಕ್ಯಾಂಪಿನ ಅಂಚಿನಿಂದ ಜಾರಿ ಬಿದ್ದಿರಬೇಕು ಅಂತ ಕ್ರಾಕೌರ್ ಎಲ್ಲರಿಗೂ ಹೇಳಿದರು. ಹ್ಯಾರಿಸ್ ಮನೆಯವರೂ ಅದನ್ನೇ ನಂಬಿದರು. ಸುಮಾರು ಎರಡು ತಿಂಗಳ ಮೇಲೆ ಗೊತ್ತಾಯಿತು, ಅವರು ಮಾತಾಡಿಸಿದ್ದು ಮಾರ್ಟಿನ್ ಆಡಮ್ಸ್ ಅನ್ನುವ ಬೇರೆ ವ್ಯಕ್ತಿಯನ್ನು. ಹ್ಯಾರಿಸ್ ಕ್ಯಾಂಪಿಗೆ ಬಂದೇ ಇರಲಿಲ್ಲ, ಮೇಲೆ ಸೌತ್ ಸಮಿಟ್ ಬಳಿ ಹಾಲ್ ಅವರಿಗೆ ಸಹಾಯ ಮಾಡಲು ಹೋಗಿದ್ದರು. ಕ್ರಾಕೌರ್ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದರು. ದಣಿದ, ಆಮ್ಲಜನಕ ಸಾಲದ ತಲೆ ಒಂದು ಮುಖದ ಜಾಗದಲ್ಲಿ ಇನ್ನೊಂದು ಮುಖ ಇಟ್ಟಿತ್ತು. ತಪ್ಪು ಗೊತ್ತಾದ ಮೇಲೆ ಅದನ್ನು ಮುಚ್ಚಿಡದೆ ಪುಸ್ತಕದಲ್ಲೇ ಬರೆದರು, ಆ ಮನೆಯವರಿಗೆ ತನ್ನಿಂದ ಎಷ್ಟು ನೋವಾಯಿತು ಅಂತಲೂ ಬರೆದರು. ಆ ಪುಸ್ತಕದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಪುಟದಲ್ಲಿ. ನಿಮ್ಮ ವಿದ್ಯಾರ್ಥಿಗಳು ನಾಳೆ ಪತ್ರಕರ್ತರೋ ಪೊಲೀಸರೋ ವಕೀಲರೋ ಆಗುತ್ತಾರೆ. "ನಾನೇ ಕಣ್ಣಾರೆ ಕಂಡೆ" ಅನ್ನುವ ಮಾತನ್ನು ಎಷ್ಟು ನಂಬಬೇಕು ಅಂತ ಒಂದು ಪೀರಿಯಡ್ ಪೂರ್ತಿ ಮಾತಾಡಬಹುದು.

ಪ್ರಶ್ನೆ: ಎಲ್ಲೋ ವಿದೇಶಿ ಶ್ರೀಮಂತರು ದುಡ್ಡು ಕೊಟ್ಟು ಹೋಗಿ ಸತ್ತ ಕಥೆ ನಮ್ಮ ಹಳ್ಳಿ ಮಕ್ಕಳಿಗೆ ಯಾಕೆ?
– ಓದುಗ, ಶಿವಮೊಗ್ಗ

ಉತ್ತರ: ಅಂಚೆ ಕಚೇರಿಯ ಹ್ಯಾನ್ಸನ್ ಶ್ರೀಮಂತರಲ್ಲ ಸ್ವಾಮಿ. ಅದಿರಲಿ, ಆ 8 ಜನರಲ್ಲಿ ಮೂವರು ನಮ್ಮವರೇ ಅನ್ನುವುದು ನಮಗೆ ಯಾಕೆ ಗೊತ್ತಿಲ್ಲ ಹೇಳಿ. ಸುಬೇದಾರ್ ತ್ಸೆವಾಂಗ್ ಸ್ಮಾನ್ಲಾ, ಲ್ಯಾನ್ಸ್ ನಾಯಕ್ ದೋರ್ಜೆ ಮೊರುಪ್, ಹೆಡ್ ಕಾನ್‌ಸ್ಟೆಬಲ್ ತ್ಸೆವಾಂಗ್ ಪಾಲ್ಜೋರ್. ಲಡಾಖಿನವರು, ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸ್ ಪಡೆಯವರು. ಅದೇ ದಿನ, ಅದೇ ಬಿರುಗಾಳಿಯಲ್ಲಿ, ಬೆಟ್ಟದ ಆಚೆ ಬದಿಯ ಟಿಬೆಟ್ ದಾರಿಯಲ್ಲಿ ಹತ್ತುತ್ತಿದ್ದರು. ಆರು ಜನ ಹೊರಟಿದ್ದರು. ಮೂವರು ತಿರುಗಿ ಬಂದು ಬದುಕಿದರು, ಈ ಮೂವರು ಮುಂದೆ ಹೋದರು. ಎಷ್ಟೋ ವರ್ಷ ಆ ದಾರಿಯಲ್ಲಿ ಹೋಗುವವರು ಹಸಿರು ಬೂಟಿನ ಒಂದು ಮೃತದೇಹವನ್ನು ಮೈಲಿಗಲ್ಲಿನ ಹಾಗೆ ಗುರುತು ಹಿಡಿಯುತ್ತಿದ್ದರು. ಅದು ಪಾಲ್ಜೋರ್ ಅಂತ ಬಹಳ ಜನ ನಂಬುತ್ತಾರೆ, ಮೊರುಪ್ ಇರಬಹುದು ಅನ್ನುವವರೂ ಇದ್ದಾರೆ. ಯಾರದೋ ಮನೆ ಮಗನಿಗೆ ಒಂದು ಜೊತೆ ಬೂಟಿನ ಹೆಸರು ಇಟ್ಟು ಕರೆಯುವುದು ನನಗಂತೂ ಸಹಿಸಲಾಗುವುದಿಲ್ಲ. ತರಗತಿಯಲ್ಲಿ ಮೂವರ ಪೂರ್ತಿ ಹೆಸರು ಬೋರ್ಡಿನ ಮೇಲೆ ಬರೆಸಿ.

ಶೆರ್ಪಾಗಳದ್ದೂ ಇದೇ ಕಥೆ. ಆ ಸಲ ಫಿಷರ್ ತಂಡಕ್ಕೆ ದುಡಿಯುತ್ತಿದ್ದ ನ್ಗವಾಂಗ್ ತೊಪ್ಚೆ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಮಲಗಿದವರು ಜೂನ್‌ನಲ್ಲಿ ತೀರಿಕೊಂಡರು. ಬಿರುಗಾಳಿಯ ಎಂಟರ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ. 2014ರ ಏಪ್ರಿಲ್ 18ರಂದು ಖುಂಬು ಹಿಮನದಿಯ ಮೇಲೆ ಮಂಜುಗಡ್ಡೆ ಕುಸಿದು 16 ಜನ ಹೋದರು, ಅಷ್ಟೂ ಜನ ನೇಪಾಳದ ಕೆಲಸಗಾರರು, ಬೇರೆಯವರ ಸಾಮಾನು ಹೊತ್ತು ದಾರಿ ಮಾಡಿಕೊಡಲು ಹೋದವರು. ಬೇರೆಯವರ ತೋಟಕ್ಕೆ ಮರ ಹತ್ತುವ ಕೊನೆಗೌಡರನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೂ ಹತ್ತಿರದ್ದು ಬೇಕಾದರೆ 2024ರ ಜೂನ್ ಇದೆ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಆದರೆ ಅದನ್ನು ಈಗಲೇ ಚೀಟಿ ಮಾಡಿ ತರಗತಿಯಲ್ಲಿ ಆಡಿಸಬೇಡಿ. ಆ ಮನೆಗಳ ಗಾಯ ಇನ್ನೂ ಹಸಿಯಾಗಿದೆ.

ಪ್ರಶ್ನೆ: ಪಾಠ ಮುಗಿದ ಮೇಲೆ ಮಕ್ಕಳನ್ನು ಕೊಡಚಾದ್ರಿಗೆ ಕರ್ಕೊಂಡು ಹೋಗಬೇಕು ಅಂತ ಆಸೆ. ಪೋಷಕರು ಹೆದರುತ್ತಿದ್ದಾರೆ. ಹೋಗಬಹುದಾ?
– ಶಿಕ್ಷಕ, ರಿಪ್ಪನ್‌ಪೇಟೆ

ಉತ್ತರ: ಹೋಗಿ. ಮಳೆಗಾಲ ಬಿಟ್ಟು ಹೋಗಿ, ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ. ಒಂದು ವಿಷಯ ಮಾತ್ರ ನನ್ನಿಂದ ತಿಳ್ಕೊಳ್ಳಿ.

ನಾನೂ ಹೀಗೇ ಕರ್ಕೊಂಡು ಹೋಗಿದ್ದೆ, ಈ ಪಾಠ ಮಾಡಿದ ಮೇಲೇ. ಅಕ್ಟೋಬರ್ ಕೊನೆ. ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದು ಹತ್ತುವುದು, ಮೇಲಿನ ದೇವಸ್ಥಾನದ ಹತ್ತಿರ ಜೀಪ್ ಕಾದಿರುತ್ತದೆ, ಸಂಜೆ ಅದರಲ್ಲಿ ಇಳಿಯುವುದು. ತಿರುಗುವ ಹೊತ್ತು 4 ಗಂಟೆ ಅಂತ ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ದಾರಿಯಲ್ಲಿ ಉಂಬಳ ಕೀಳುತ್ತಾ, ಸುಣ್ಣ ಹಚ್ಚುತ್ತಾ, ನೀರಿನಲ್ಲಿ ಆಡುತ್ತಾ ದೇವಸ್ಥಾನಕ್ಕೆ ಬಂದಾಗಲೇ ನಾಲ್ಕೂ ಕಾಲು. ಸರ್ವಜ್ಞ ಪೀಠ ಇನ್ನೂ ಮೇಲಿದೆ. ಬಿಸಿಲು ಚೆನ್ನಾಗಿತ್ತು. ಹುಡುಗರು ಮುಖ ನೋಡಿದರು. ಒಬ್ಬ ಅಂದೇ ಅಂದ, "ಇಷ್ಟು ದೂರ ಬಂದಾಯ್ತಲ್ಲ ಸರ್, ಸೂರ್ಯಾಸ್ತ ನೋಡ್ಕೊಂಡೇ ಇಳಿಯೋಣ." ನಡೀರಿ ಅಂದೆ.

ಪೀಠದ ಹತ್ತಿರ ನಿಂತಾಗ ಪಶ್ಚಿಮದ ಕಣಿವೆಯಿಂದ ಮಂಜು ಎದ್ದು ಬಂತು. ಮೊದಲು ಹುಲ್ಲು ಒದ್ದೆಯಾಯಿತು, ಆಮೇಲೆ ಪಕ್ಕದವರ ಅಂಗಿಯ ಬಣ್ಣ ಮಾಸಿತು, ಆಮೇಲೆ ಅಂಗಿಯೇ ಕಾಣಲಿಲ್ಲ. ಇಳಿಯುವಾಗ ಎಣಿಸಿದರೆ ಇಬ್ಬರು ಕಮ್ಮಿ. ಕೂಗಿದರೆ ಉತ್ತರ ಯಾವ ಕಡೆಯಿಂದ ಬರುತ್ತಿದೆ ಅಂತಲೇ ತಿಳಿಯದು. ಒಂದು ಗಂಟೆ. ಕೊನೆಗೆ ಜೀಪಿನ ಡ್ರೈವರ್ ಟಾರ್ಚ್ ಹಿಡಿದು ಮೇಲೆ ಬಂದು ಹುಡುಕಿಕೊಟ್ಟರು. ದಾರಿಯಿಂದ ಮೂವತ್ತು ಹೆಜ್ಜೆ ಆಚೆ, ಇಳಿಜಾರಿನ ಅಂಚಿನಲ್ಲಿ, ಇಬ್ಬರೂ ಕೈ ಹಿಡಿದು ಕೂತಿದ್ದರು. ಎಲ್ಲೂ ಹೋಗದೆ ಕೂತದ್ದೇ ಅವರನ್ನು ಉಳಿಸಿತು. ಆ ಡ್ರೈವರ್ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಮಲಗದೆ ಯೋಚಿಸಿದಾಗ ನನಗೆ ಹಾಲ್ ಅರ್ಥವಾದರು. 2 ಗಂಟೆ ಅಂತ ಗೆರೆ ಎಳೆದವರೂ ಅವರೇ, ಅದನ್ನು ದಾಟಲು ಅಪ್ಪಣೆ ಕೊಡಬಹುದಾದವರೂ ಅವರೇ. ಅವರನ್ನು ತಡೆಯುವವರು ಮೇಲೆ ಯಾರೂ ಇರಲಿಲ್ಲ. ನನ್ನ 4 ಗಂಟೆಯೂ ಹಾಗೇ ಹೋಯಿತು.

ಅದಕ್ಕೇ ಮುಂದಿನ ವರ್ಷದಿಂದ ಗಡಿಯಾರ ನನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಹೊರಡುವ ಹಿಂದಿನ ದಿನ ತರಗತಿಯವರೇ ಒಬ್ಬರನ್ನು ಆರಿಸುತ್ತಿದ್ದರು. ಅವರ ಕೊರಳಿಗೆ ಪಿ.ಟಿ. ಮೇಷ್ಟ್ರ ಸೀಟಿ. ಹೊತ್ತಾದ ತಕ್ಷಣ ಊದಬೇಕು, ಊದಿದ ಮೇಲೆ ಮೇಷ್ಟ್ರೂ ಸೇರಿ ಎಲ್ಲರೂ ತಿರುಗಬೇಕು. ಒಂದು ವರ್ಷ ಆ ಕೆಲಸ ಸಿಕ್ಕಿದ್ದು ಬಹಳ ಮೆತ್ತಗಿನ ಒಬ್ಬ ಹುಡುಗಿಗೆ. ಪೀಠ ಇನ್ನು ನೂರು ಹೆಜ್ಜೆ ಇರಬಹುದು, ಊದಿಬಿಟ್ಟಳು. ಹುಡುಗರು ಬೇಡಿಕೊಂಡರು, ಗದರಿಸಿದರು. ಅವಳು ನನ್ನ ಕಡೆ ನೋಡಿದಳು. ನಾನು ಬೆನ್ನು ತಿರುಗಿಸಿ ಇಳಿಯತೊಡಗಿದೆ.